ಹೊಸ್ತಿಲಿನ ಎರಡೂ ಬದಿಯ ಓದುಗರು



ಹಾಸನದಿಂದ ಹೊಳೆನರಸೀಪುರ, ಹಳ್ಳಿಮೈಸೂರುಗಳನ್ನು ಹಾದು ಮೈಸೂರಿಗೆ ಹೋಗುವ ರಸ್ತೆಯಲ್ಲಿ ನಿಮ್ಮಲ್ಲಿ ಹಲವರು ಪ್ರಯಾಣ ಮಾಡಿರಬಹುದು. ಈ ರಸ್ತೆಯ ಎಡಬಲದ ಸೀಮೆ ಕನ್ನಡ ಗದ್ಯಕ್ಕೆ ಸಲ್ಲಿಸಿದ ಕಾಣಿಕೆ ಸಣ್ಣದಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರರು ಹೇಮಾವತಿಯ ದಂಡೆಯವರು. ಅ.ನ. ಕೃಷ್ಣರಾಯರು ಹುಟ್ಟಿದ್ದು ಕೋಲಾರದಲ್ಲಾದರೂ ಅವರ ಹೆಸರಿನ ಮೊದಲಕ್ಷರದಲ್ಲಿರುವುದು ಅರಕಲಗೂಡು. ಎಸ್.ಎಲ್. ಭೈರಪ್ಪನವರು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರು. ಹಾಸನ ನಗರದವರೇ ಆದ ಬಾನು ಮುಷ್ತಾಕ್ ಅವರ ಹೆಸರು 2025ರಲ್ಲಿ ಕಡಲಾಚೆಗೂ ಕೇಳಿಸಿತು. ತಾಯಿ, ಮಗಳು, ಗೆಳತಿ ಈ ಮೂವರ ಬಾಳು ಪುಸ್ತಕಕ್ಕೆ ಬಂದಾಗ ನಮ್ಮ ಓದುಗರು ಹೇಗೆ ನಡೆದುಕೊಂಡರು ಎಂಬುದಕ್ಕೆ ಈ ಒಂದು ಜಿಲ್ಲೆಯಲ್ಲೇ ಸಾಕಷ್ಟು ಚರಿತ್ರೆಯಿದೆ.

ಮೊದಲು ಅ.ನ.ಕೃ. ಅವರನ್ನು ನೆನೆಯೋಣ. 1950ರ ಆಸುಪಾಸಿನಲ್ಲಿ ಅವರು ವೇಶ್ಯೆಯರ ಬದುಕನ್ನು ಕುರಿತು ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳನ್ನು ಬರೆದಾಗ ಅಶ್ಲೀಲವೆಂಬ ಕೂಗು ಎದ್ದಿತು. ಅದಕ್ಕೆ ಉತ್ತರವಾಗಿ ಅವರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದರು. ಆ ವಾದದಲ್ಲಿ ಒಂದು ಕೊರತೆಯಿತ್ತು. ಬರೆದವರು ಗಂಡಸರು, ಆಕ್ಷೇಪಿಸಿದವರಲ್ಲೂ ಸಮರ್ಥಿಸಿದವರಲ್ಲೂ ಮುಂದೆ ನಿಂತು ಮಾತನಾಡಿದವರು ಬಹುಪಾಲು ಗಂಡಸರು. ಚರ್ಚೆಗೆ ವಸ್ತುವಾದ ಹೆಣ್ಣಿನ ಮಾತು ಕೇಳಿಸಲಿಲ್ಲ.

1970ರಲ್ಲಿ ಭೈರಪ್ಪನವರ ‘ಗೃಹಭಂಗ’ ಬಂದಿತು. ಕೈಲಾಗದ ಗಂಡನ ಪರವಾಗಿ ಶಾನುಭೋಗಿಕೆಯ ಲೆಕ್ಕ ಬರೆದು ಸಂಸಾರ ಸಾಗಿಸುವ, ಪ್ಲೇಗಿಗೆ ಮಕ್ಕಳನ್ನು ಕಳೆದುಕೊಳ್ಳುವ ನಂಜಮ್ಮನನ್ನು ಓದಿ ಮರುಗದವರು ವಿರಳ. ಲೇಖಕರು ಬಾಲ್ಯದಲ್ಲಿ ಪ್ಲೇಗಿನಿಂದ ಕಳೆದುಕೊಂಡ ತಮ್ಮ ತಾಯಿಯ ಛಾಯೆ ಆ ಪಾತ್ರದಲ್ಲಿದೆ. ನಂಜಮ್ಮ ಮಗನೊಬ್ಬ ಕಂಡ ತಾಯಿ. ತಾಯಿ ತಾನೇ ಲೇಖನಿ ಹಿಡಿದಾಗ ಓದುಗರ ಪ್ರತಿಕ್ರಿಯೆ ಹೇಗಿರುತ್ತದೆ ಎಂಬುದನ್ನು ತಿಳಿಯಲು ಬಾನು ಮುಷ್ತಾಕ್ ಅವರ ಕಥೆಗಳಿಗೆ ಬರಬೇಕು.

ಬಾನು ಅವರು ಹುಟ್ಟಿದ್ದು 1948ರಲ್ಲಿ. ಎಂಟು ವರ್ಷದ ಬಾಲಕಿಯನ್ನು ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿಕೊಳ್ಳುವಾಗ ಆರು ತಿಂಗಳಲ್ಲಿ ಕನ್ನಡ ಓದುಬರಹ ಕಲಿಯಬೇಕೆಂಬ ಷರತ್ತು ವಿಧಿಸಲಾಗಿತ್ತು. ಕೆಲವೇ ದಿನಗಳಲ್ಲಿ ಆಕೆ ಬರೆಯತೊಡಗಿದರು. ಮುಂದೆ ಮೊದಲ ಕಥೆ ‘ಪ್ರಜಾಮತ’ದಲ್ಲಿ ಪ್ರಕಟವಾಯಿತು. ಲಂಕೇಶ್ ಪತ್ರಿಕೆಯ ವರದಿಗಾರ್ತಿಯಾಗಿ, ನಗರಸಭೆಯ ಸದಸ್ಯೆಯಾಗಿ, ವಕೀಲೆಯಾಗಿ ದುಡಿದ ಅವರ ಬಳಿಗೆ ಊರಿನ ಹೆಂಗಸರ ಕಷ್ಟಗಳು ನೇರವಾಗಿ ಬರುತ್ತಿದ್ದವು. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯೂ ಅದೇ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಅದರಲ್ಲಿಯೂ ತಂದೆಯ ಹಟಕ್ಕೆ ಸಿಲುಕಿ ನಲುಗುವವರು ತಾಯಿ ಮತ್ತು ಮಗಳೇ. ಮುಸ್ಲಿಂ ಮನೆಯ ಒಳಕೋಣೆಯ ಕಥೆಯನ್ನು ಅಲ್ಲಿನ ಹೆಣ್ಣುಮಗಳೇ ಕನ್ನಡದಲ್ಲಿ ಹೇಳುವ ಪರಿಪಾಠ ಆ ಕಾಲದಲ್ಲಿ ಗಟ್ಟಿಯಾಗತೊಡಗಿತು.

ಬಾನು ಅವರ ಎರಡು ಕಥೆಗಳನ್ನು ಇಲ್ಲಿ ನೋಡಬಹುದು. ‘ಕರಿ ನಾಗರಗಳು’ ಕಥೆಯಲ್ಲಿ ಬರೀ ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಕೈಬಿಟ್ಟ ಅಶ್ರಫ್, ಜೀವನಾಂಶ ಕೇಳಿ ಮಸೀದಿಯ ಮುತವಲ್ಲಿಯ ಮುಂದೆ ನಿಲ್ಲುತ್ತಾಳೆ. ಕಾಯಿಲೆಯ ಮಗು ಅಲ್ಲಿಯೇ ತೀರಿಕೊಳ್ಳುತ್ತದೆ. ಶರೀಅತ್ ಹೆಣ್ಣಿಗೆ ಕೊಟ್ಟ ಹಕ್ಕುಗಳೇನೆಂದು ಅವಳಿಗೆ ತಿಳಿಸಿಕೊಟ್ಟವಳು ಓದಿದ ಇನ್ನೊಬ್ಬ ಹೆಂಗಸು. ಮಗು ಸತ್ತ ಮೇಲೆ ಮುತವಲ್ಲಿಗೆ ಶಾಪ ಹಾಕುವವರೂ ಕೇರಿಯ ಹೆಂಗಸರೇ. ‘ಎದೆಯ ಹಣತೆ’ಯಲ್ಲಿ ಗಂಡನಿಂದ ವಂಚಿತಳಾದ ಮೆಹರುನ್ ಕೂಸನ್ನೆತ್ತಿಕೊಂಡು ತವರಿಗೆ ಬರುತ್ತಾಳೆ. ಅಣ್ಣತಮ್ಮಂದಿರು ಅವಳನ್ನು ಹಿಂದಕ್ಕೆ ಕರೆತಂದು ಬಿಡುತ್ತಾರೆ. ಆ ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಂಡಾಗ, ಹದಿಹರೆಯದ ಹಿರಿಯ ಮಗಳು ಸಲ್ಮಾ ಓಡಿಬಂದು ಕೂಸನ್ನು ಮುಂದಿಟ್ಟು ತಾಯಿಯ ಕಾಲು ಹಿಡಿಯುತ್ತಾಳೆ. ಆ ಕ್ಷಣದಲ್ಲಿ ಮಗಳು ತಾಯಿಗೆ ಗೆಳತಿಯಾಗುತ್ತಾಳೆ.

ತಮ್ಮ ಬಾಳಿನಲ್ಲೂ ಅಂತಹ ಗಳಿಗೆಯೊಂದು ಬಂದಿತ್ತೆಂದು ಬಾನು ಅವರು ಸಂದರ್ಶನದಲ್ಲಿ ಹೇಳಿದ್ದಾರೆ. ಬಾಣಂತನದ ನಂತರದ ಖಿನ್ನತೆಯಲ್ಲಿ ಬೆಂಕಿ ಹಚ್ಚಿಕೊಳ್ಳಲು ಹೊರಟ ಅವರನ್ನು ಪತಿ ತಡೆದು, ಬೆಂಕಿಪೊಟ್ಟಣ ಕಸಿದುಕೊಂಡು, ಕೂಸನ್ನು ಅವರ ಪಾದದ ಬಳಿ ಇಟ್ಟು ಬೇಡಿಕೊಂಡರಂತೆ. ಕಥೆಯಲ್ಲಿ ಆ ಕೆಲಸವನ್ನು ಲೇಖಕಿ ಮಗಳ ಕೈಗೆ ಕೊಟ್ಟಿದ್ದಾರೆ. ಇದು ಓದುಗರು ಗಮನಿಸಬೇಕಾದ ಅಂಶ. ಬಾಳಿನಲ್ಲಿ ತನಗೆ ದೊರೆತ ಆಸರೆ ದೊರೆಯದ ಹೆಣ್ಣಿಗೆ ಯಾರು ಆಸರೆ ಎಂಬ ಪ್ರಶ್ನೆಗೆ ಕಥೆ ಕೊಟ್ಟ ಉತ್ತರವಿದು ಎಂದು ನನಗೆ ತೋರುತ್ತದೆ.

ಇನ್ನು ಪ್ರತಿಕ್ರಿಯೆಗಳು. ‘ಬೆಂಕಿ ಮಳೆ’ ಸಂಕಲನಕ್ಕೆ ಕರ್ನಾಟಕ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ಆದರೆ 2000ದಲ್ಲಿ, ಮುಸ್ಲಿಂ ಮಹಿಳೆಯರಿಗೂ ಮಸೀದಿಯಲ್ಲಿ ಪ್ರಾರ್ಥಿಸುವ ಹಕ್ಕಿದೆ ಎಂದು ಹೇಳಿದ್ದಕ್ಕಾಗಿ ಬಾನು ಅವರ ಕುಟುಂಬ ಮೂರು ತಿಂಗಳು ಸಾಮಾಜಿಕ ಬಹಿಷ್ಕಾರ ಅನುಭವಿಸಬೇಕಾಯಿತು. ಬೆದರಿಕೆಗಳು ಬಂದವು. ಒಬ್ಬಾತ ಚಾಕು ಹಿಡಿದು ಬಂದಾಗ ತಡೆದವರು ಅವರ ಪತಿ. 2004ರಲ್ಲಿ ‘ಕರಿ ನಾಗರಗಳು’ ಗಿರೀಶ್ ಕಾಸರವಳ್ಳಿಯವರ ‘ಹಸೀನಾ’ ಚಿತ್ರವಾಗಿ, ತಾರಾ ಅವರಿಗೆ ಶ್ರೇಷ್ಠ ನಟಿಯ ರಾಷ್ಟ್ರಪ್ರಶಸ್ತಿ ತಂದಿತು.

2025ರ ಮೇ 20ರಂದು ಲಂಡನ್ನಿನಲ್ಲಿ, ಕೊಡಗಿನ ದೀಪಾ ಭಾಸ್ತಿ ಅನುವಾದಿಸಿದ ಹನ್ನೆರಡು ಕಥೆಗಳ ಸಂಕಲನ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಲಭಿಸಿತು. ಕನ್ನಡದ ಕೃತಿಗೂ ಸಣ್ಣಕಥೆಗಳ ಸಂಕಲನಕ್ಕೂ ಈ ಗೌರವ ದೊರೆತದ್ದು ಅದೇ ಮೊದಲು. ಐವತ್ತು ಸಾವಿರ ಪೌಂಡುಗಳ ಮೊತ್ತ ಲೇಖಕಿಗೂ ಅನುವಾದಕಿಗೂ ಸಮನಾಗಿ ಹಂಚಿಕೆಯಾಯಿತು. ಅದೇ ವರ್ಷ ಮೈಸೂರು ದಸರಾ ಉದ್ಘಾಟನೆಗೆ ಬಾನು ಅವರನ್ನು ಸರ್ಕಾರ ಆಹ್ವಾನಿಸಿದಾಗ, ಹಿಂದೂ ಅಲ್ಲದವರು ಚಾಮುಂಡಿಬೆಟ್ಟದಲ್ಲಿ ಪೂಜೆ ಸಲ್ಲಿಸಬಾರದೆಂಬ ಆಕ್ಷೇಪ ಎದ್ದಿತು. ಉಚ್ಚ ನ್ಯಾಯಾಲಯವೂ ಸರ್ವೋಚ್ಚ ನ್ಯಾಯಾಲಯವೂ ಅರ್ಜಿಗಳನ್ನು ತಳ್ಳಿಹಾಕಿದವು. ಸೆಪ್ಟೆಂಬರ್ 22ರಂದು ಅವರು ದಸರಾ ಉದ್ಘಾಟಿಸಿದರು.

ಈ ಎರಡು ಪ್ರಕರಣಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. ಇಪ್ಪತ್ತೈದು ವರ್ಷಗಳ ಅಂತರದಲ್ಲಿ ಬೇರೆ ಬೇರೆ ಗುಂಪುಗಳು ಮಾಡಿದ ಆಕ್ಷೇಪದ ಕೇಂದ್ರ ಒಂದೇ: ಹೆಂಗಸೊಬ್ಬಳು ಯಾವ ಹೊಸ್ತಿಲು ದಾಟಬಹುದು? ವಿಜ್ಞಾನದ ತರಗತಿಯಲ್ಲಿ ನಮಗೆ ಕಲಿಸಿದ ಒಂದು ಪಾಠವುಂಟು. ಅಳತೆಪಟ್ಟಿಯನ್ನು ಓರೆಯಾಗಿ ನೋಡಿದರೆ ಅಳತೆ ತಪ್ಪುತ್ತದೆ. ಆದ್ದರಿಂದ ಇಬ್ಬರ ಅಳತೆ ಬೇರೆಯಾದರೆ ಪಟ್ಟಿಯನ್ನು ದೂರುವ ಮೊದಲು ಕಣ್ಣು ಎಲ್ಲಿದೆ ಎಂದು ನೋಡಬೇಕು. ಈ ಕಥೆಗಳನ್ನು ತಮ್ಮ ಸಮುದಾಯದ ಮೇಲಿನ ದೂರೆಂದು ಓದಿದವರಿದ್ದಾರೆ. ಬೇರೊಂದು ಸಮುದಾಯವನ್ನು ದೂರಲು ಸಿಕ್ಕ ಸಾಕ್ಷಿಯೆಂದು ಓದುವವರೂ ಇದ್ದಾರೆ. ಇಬ್ಬರ ಕಣ್ಣೂ ಹೊಸ್ತಿಲಿನ ಮೇಲಿದೆ, ಒಳಗಿರುವ ತಾಯಿ–ಮಗಳ ಮೇಲಿಲ್ಲ. ನಂಜಮ್ಮನಿಗಾಗಿ ಮರುಗಿದಾಗ ಆಕೆಯ ಜಾತಿಯನ್ನು ನಾವು ಕಟಕಟೆಗೆ ತರಲಿಲ್ಲ. ಮೆಹರುನ್‌ಳಿಗೂ ಅಷ್ಟು ನ್ಯಾಯ ಸಲ್ಲಬೇಡವೇ?

ಎಲ್ಲ ಆಕ್ಷೇಪಗಳೂ ಹೀಗೆ ಓರೆನೋಟದವೇ ಎಂದು ನನ್ನ ಅಭಿಪ್ರಾಯವಲ್ಲ. ಕೆಲವು ಕಥೆಗಳು ಹೇಳಬೇಕಾದುದನ್ನು ತುಸು ಗಟ್ಟಿಯಾಗಿ ಹೇಳುತ್ತವೆ, ಗಂಡಸರ ಪಾತ್ರಗಳು ಒಂದೇ ಅಚ್ಚಿನಲ್ಲಿ ಎರಕವಾದಂತಿವೆ ಎಂಬ ಟೀಕೆಯಲ್ಲಿ ಹುರುಳಿದೆ. ಅದು ಕಥೆಯನ್ನು ಓದಿ ಮಾಡಿದ ಟೀಕೆ. ಅದಕ್ಕೆ ಚಾಕು ಬೇಕಿಲ್ಲ, ಅರ್ಜಿಯೂ ಬೇಕಿಲ್ಲ.

ಓದುಗರೇ, ನಿಮ್ಮೂರಿನ ಗ್ರಂಥಾಲಯದಲ್ಲಿ ‘ಎದೆಯ ಹಣತೆ’ ಸಿಕ್ಕರೆ ಮನೆಗೆ ತನ್ನಿ. ಮನೆಯಲ್ಲಿ ತಾಯಿಯೂ ಬೆಳೆದ ಮಗಳೂ ಇದ್ದರೆ ಇಬ್ಬರೂ ಬೇರೆ ಬೇರೆಯಾಗಿ ಓದಲಿ. ಸಲ್ಮಾ ತಾಯಿಯ ಕಾಲು ಹಿಡಿದ ಪುಟದ ಬಗ್ಗೆ ಇಬ್ಬರ ಅಭಿಪ್ರಾಯವೂ ಒಂದೇ ಆಗಬೇಕೆಂದೇನೂ ಇಲ್ಲ. ಆ ಪುಟದ ಬಗ್ಗೆ ಅವರು ಪರಸ್ಪರ ಮಾತನಾಡಿದರೆ, ಪುಸ್ತಕ ತನ್ನ ಕೆಲಸ ಮಾಡಿದಂತೆಯೇ ಸರಿ.