ಮುಂಡಗೋಡದ ಕ್ಯಾಂಪು, ನಮ್ಮೂರ ಸಂಘ

ಚಿಕ್ಕನರಗುಂದದಲ್ಲಿ ಸಂಘಕ್ಕೆ ಹಣ ಕಟ್ಟುವ ಹೆಣ್ಣುಮಕ್ಕಳನ್ನು, ಈ ಸಂಘದ ಪದ್ಧತಿ ಎಲ್ಲಿಂದ ಬಂತವ್ವಾ ಅಂತ ಕೇಳಿ ನೋಡಿ. ಸರ್ಕಾರದಿಂದ ಅಂತಾರೆ, ಇಲ್ಲಾ ಬ್ಯಾಂಕಿನಿಂದ ಅಂತಾರೆ. ಅದರ ಒಂದು ದೊಡ್ಡ ಬೇರು ಇರುವುದು ಟಿಬೆಟ್ ನಿರಾಶ್ರಿತರಿಗೆ ನೆಲೆ ಕೊಟ್ಟ ಕೆಲಸದಲ್ಲಿ.

1959ರ ಮಾರ್ಚ್‌ನಲ್ಲಿ ದಲೈ ಲಾಮಾ ಚೀನಾದ ಸೈನ್ಯದಿಂದ ತಪ್ಪಿಸಿಕೊಂಡು ಭಾರತಕ್ಕೆ ಬಂದರು. ಹಿಂದೆಯೇ ಸಾವಿರಾರು ಜನ ಹಿಮಾಲಯ ದಾಟಿದರು. ಅವರಿಗೆ ಭೂಮಿ ಕೊಡಿ ಎಂದು ಪ್ರಧಾನಿ ನೆಹರೂ ರಾಜ್ಯಗಳನ್ನು ಕೇಳಿದಾಗ, ದೊಡ್ಡ ಮನಸ್ಸು ಮಾಡಿದ್ದು ನಮ್ಮ ಮೈಸೂರು ರಾಜ್ಯ. ಮೊದಲ ವಸತಿ ಎದ್ದದ್ದು ಬೈಲಕುಪ್ಪೆಯಲ್ಲಿ, 1960ರ ಕೊನೆಗೆ. ಇದರ ಪುಣ್ಯವನ್ನೆಲ್ಲ ಎಸ್. ನಿಜಲಿಂಗಪ್ಪನವರಿಗೇ ಕೊಡುವುದು ರೂಢಿ. ಅವರ ಪಾಲು ದೊಡ್ಡದೇ. ಆದರೆ ಆ ವರ್ಷ ಮುಖ್ಯಮಂತ್ರಿ ಆಗಿದ್ದವರು ಜಮಖಂಡಿ ಕಡೆಯ ಬಿ.ಡಿ. ಜತ್ತಿ. ಅವರ ಹೆಸರು ಯಾರೂ ತೆಗೆಯುವುದಿಲ್ಲ.

ನಮಗೆ ಹತ್ತಿರದ್ದು ಮುಂಡಗೋಡ. ನರಗುಂದ, ನವಲಗುಂದ, ಹುಬ್ಬಳ್ಳಿ ದಾಟಿ ತಡಸದ ಮೇಲೆ ಹೋದರೆ ಸಿಗುತ್ತದೆ. 1966ರಲ್ಲಿ ಕಾಡು ಕಡಿದು ಅಲ್ಲಿ ಕ್ಯಾಂಪು ಮಾಡಿದರು. ಹಿಮದ ನಾಡಿನಲ್ಲಿ ಯಾಕ್ ಮೇಯಿಸಿದವರು, ಜವೆ ಬೆಳೆದವರು ಇಲ್ಲಿಯ ಬಿಸಿಲಿನಲ್ಲಿ ಗೋವಿನಜೋಳ ಬಿತ್ತುವುದನ್ನು ಕಲಿಯಬೇಕಾಯಿತು. ಆಮೇಲೆ ಬಂದ ಲಾಮಾಗಳ ಪಾಡು ಇನ್ನೂ ಕಷ್ಟದ್ದು. ಬಂಗಾಳದ ಬಕ್ಸಾ ಕೋಟೆಯಲ್ಲಿ, ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಇಟ್ಟಿದ್ದ ಜೈಲಿನಲ್ಲಿ, ಅವರು ಹತ್ತು ವರ್ಷದಷ್ಟು ಕಾಲ ಕಳೆದಿದ್ದರು. ಎಷ್ಟೋ ಜನ ಅಲ್ಲೇ ಕ್ಷಯದಿಂದ ಸತ್ತರು. ಉಳಿದವರು ಬಂದು ಗಾದೆನ್, ಡ್ರೆಪುಂಗ್ ಮಠಗಳನ್ನು ಮುಂಡಗೋಡದಲ್ಲಿ ಮತ್ತೆ ಕಟ್ಟಿದರು. ಹೊಲ ಉತ್ತದ್ದೂ ಅವರೇ.

ಈ ಪುನರ್ವಸತಿಗೆಂದೇ 1968ರಲ್ಲಿ ಒಂದು ಸಂಸ್ಥೆ ಹುಟ್ಟಿತು. ಹೆಸರು ಮೈರಾಡ. ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ ಎಂಬುದರ ಇಂಗ್ಲಿಷ್ ಹೆಸರಿನ ಚಿಕ್ಕ ರೂಪ ಅದು. ಟಿಬೆಟ್ ಜನರ ಕೆಲಸ ಒಂದು ಹದಕ್ಕೆ ಬಂದ ಮೇಲೆ, 1980ರ ದಶಕದಲ್ಲಿ, ಮೈರಾಡ ನಮ್ಮ ಹಳ್ಳಿಗಳ ಬಡವರ ಕಡೆ ತಿರುಗಿತು. ಆಗ ಅದರ ಮುಖ್ಯಸ್ಥರು ಅಲೋಶಿಯಸ್ ಫರ್ನಾಂಡಿಸ್.

ಅವರು ಮೊದಲು ದೊಡ್ಡ ಸಹಕಾರಿ ಸೊಸೈಟಿಗಳ ಮೂಲಕ ಸಾಲ ಕೊಡಿಸಿದರು. ಅವು ಕೆಟ್ಟವು. ಯಾಕೆಂದರೆ ಯಜಮಾನಿಕೆ ಒಬ್ಬಿಬ್ಬರ ಕೈಯಲ್ಲಿ. ಅದು ನಮಗೆ ಹೊಸದೇನಲ್ಲ. ಆದರೆ ಆಮೇಲೆ ಆದದ್ದು ಹೊಸದು. ಸಾಲ ಪಡೆದವರು ಗುಂಪುಗುಂಪಾಗಿ ಬಂದು, 'ಹಣ ತಿರುಗಿ ಕೊಡುತ್ತೇವೆ, ಆದರೆ ಸೊಸೈಟಿಗೆ ಅಲ್ಲ, ನಿಮಗೆ' ಎಂದರು. ಮೈರಾಡದವರು 'ನಮಗೂ ಬೇಡ, ನಿಮ್ಮ ಗುಂಪಿನೊಳಗೇ ಕಟ್ಟಿಕೊಳ್ಳಿ' ಎಂದರು. ಒಬ್ಬರನ್ನೊಬ್ಬರು ನಂಬುವ ಹದಿನೈದಿಪ್ಪತ್ತು ಜನ, ವಾರಕ್ಕೊಂದು ಸಭೆ, ಸಣ್ಣ ಉಳಿತಾಯ, ಒಂದು ವಹಿ. ಪದ್ಧತಿ ನಿಂತಿತು. 1987ರಲ್ಲಿ ನಬಾರ್ಡ್ ಇಂಥ ಗುಂಪುಗಳಿಗಾಗಿ ಮೈರಾಡಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ದೇಶದ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಹೊರಟಿತು. ಸ್ತ್ರೀಶಕ್ತಿ ಸಂಘಗಳು ಬಂದದ್ದು ಅದಕ್ಕೂ ಈಚೆ, 2000ದಲ್ಲಿ.

ಅಷ್ಟೆಲ್ಲ ಆದರೂ ಮುಂಡಗೋಡದವರು ಇನ್ನೂ ನಿರಾಶ್ರಿತರೇ. ಭೂಮಿ ಅವರ ಹೆಸರಿನಲ್ಲಿಲ್ಲ. ಪೌರತ್ವ ಪಡೆಯದ ಹೆಚ್ಚಿನವರ ಕೈಯಲ್ಲಿರುವುದು ಕಾಲಕಾಲಕ್ಕೆ ನವೀಕರಿಸುವ ವಿದೇಶಿಯರ ನೋಂದಣಿ ಪತ್ರ. ನಮ್ಮ ದೇಶದಲ್ಲಿ ನಿರಾಶ್ರಿತರಿಗೆಂದು ಪ್ರತ್ಯೇಕ ಕಾನೂನೇ ಇಲ್ಲ. ದೆಹಲಿಯಲ್ಲಿರುವ ಅಫ್ಗನ್ ನಿರಾಶ್ರಿತರಿಗಂತೂ ಹೊಲವೂ ಇಲ್ಲ, ಕ್ಯಾಂಪೂ ಇಲ್ಲ. ವಿಶ್ವಸಂಸ್ಥೆ ಕೊಡುವ ಒಂದು ಕಾರ್ಡೇ ಅವರಿಗೆ ಆಧಾರ.

ಚಳಿಗಾಲದಲ್ಲಿ ಹುಬ್ಬಳ್ಳಿಗೆ ಹೋದರೆ ಸ್ವೆಟರ್ ಅಂಗಡಿ ಹಾಕಿಕೊಂಡ ಟಿಬೆಟ್ ಹೆಂಗಸರು ಕಾಣುತ್ತಾರೆ. ನಮ್ಮೂರ ಕಡೆಯ ಎಷ್ಟೋ ಅವ್ವಂದಿರು ಅವರ ಹತ್ತಿರ ಹತ್ತಿಪ್ಪತ್ತು ರೂಪಾಯಿಗೆ ಚೌಕಾಸಿ ಮಾಡುತ್ತಾರೆ, ಕೈಚೀಲದಲ್ಲಿ ಸಂಘದ ಪಾಸ್‌ಬುಕ್ ಇಟ್ಟುಕೊಂಡೇ.