ಪ್ರೊ. ಹಾರೂನ್ ಖಾನ್ ಷೇರ್ವಾನಿ: ಬಹಮನಿ ಇತಿಹಾಸ ಬರೆದ ಗುರು

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಭಾಗದ ವಿದ್ಯಾರ್ಥಿಗಳಿಗೆ ಬಹಮನಿ ಅರಸರ ಹೆಸರು ಗೊತ್ತು. ಆದರೆ ಆ ಇತಿಹಾಸವನ್ನು ಶಾಸ್ತ್ರೀಯವಾಗಿ ಬರೆದ ಪ್ರಾಧ್ಯಾಪಕರ ಹೆಸರು ಗೊತ್ತಿರುವವರು ಕಡಿಮೆ. ಅವರೇ ಪ್ರೊ. ಹಾರೂನ್ ಖಾನ್ ಷೇರ್ವಾನಿ.

ಷೇರ್ವಾನಿಯವರು 1891ರಲ್ಲಿ ಉತ್ತರ ಭಾರತದ ಅಲಿಗಢ ಪ್ರದೇಶದ ಪ್ರಸಿದ್ಧ ಮನೆತನದಲ್ಲಿ ಜನಿಸಿದರು. ಆಕ್ಸ್‌ಫರ್ಡ್‌ನಲ್ಲಿ ಓದಿ, ಬ್ಯಾರಿಸ್ಟರ್ ಆದರು. ವಕೀಲಿ ಮಾಡಿ ಹಣ ಗಳಿಸಬಹುದಾಗಿದ್ದರೂ ಅಧ್ಯಾಪನ ವೃತ್ತಿಯನ್ನೇ ಆರಿಸಿಕೊಂಡರು. 1919ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ತರಗತಿಗಳು ಆರಂಭವಾದಾಗಲೇ ಅಲ್ಲಿಗೆ ಬಂದು, ಕಾಲು ಶತಮಾನಕ್ಕೂ ಮಿಕ್ಕಿ ಇತಿಹಾಸ ಮತ್ತು ರಾಜ್ಯಶಾಸ್ತ್ರವನ್ನು ಬೋಧಿಸಿದರು.

ಅಂದು ಗುಲಬರ್ಗಾ ಜಿಲ್ಲೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಉನ್ನತ ವಿದ್ಯೆ ಬೇಕೆಂದರೆ ನಮ್ಮ ಹಿರಿಯರು ಹೈದರಾಬಾದಿಗೇ ಹೋಗಬೇಕಿತ್ತು. ಉಸ್ಮಾನಿಯಾದಲ್ಲಿ ವಿಜ್ಞಾನ, ಕಾನೂನು, ಇತಿಹಾಸ ಎಲ್ಲವನ್ನೂ ಉರ್ದುವಿನಲ್ಲಿ ಕಲಿಸುತ್ತಿದ್ದರು. ಪಠ್ಯಗಳಿಗಾಗಿ 1917ರಲ್ಲೇ ಅನುವಾದ ಸಂಸ್ಥೆ ಸ್ಥಾಪನೆಯಾಗಿತ್ತು. ದೇಶಭಾಷೆಯಲ್ಲಿ ಉನ್ನತ ಶಿಕ್ಷಣ ಸಾಧ್ಯವೆಂದು ಇದು ತೋರಿಸಿತು. ಆದರೆ ಕನ್ನಡ, ತೆಲುಗು, ಮರಾಠಿ ಮನೆಮಾತಿನ ಮಕ್ಕಳಿಗೆ ಆ ಸೌಲಭ್ಯ ದೊರೆಯಲಿಲ್ಲ ಎಂಬುದನ್ನೂ ನಾವು ಮರೆಯಬಾರದು.

ಷೇರ್ವಾನಿಯವರ ಮುಖ್ಯ ಕೊಡುಗೆ ದಖ್ಖನಿನ ಇತಿಹಾಸ. 1942ರಲ್ಲಿ ಮಹಮೂದ್ ಗವಾನನ ಕುರಿತ ಗ್ರಂಥ, 1953ರಲ್ಲಿ ಬಹಮನಿಗಳ ಕುರಿತ ಗ್ರಂಥ ಹೊರಬಂದವು. 1347ರಲ್ಲಿ ಸ್ಥಾಪನೆಯಾದ ಈ ರಾಜ್ಯದ ಮೊದಲ ರಾಜಧಾನಿ ಕಲಬುರಗಿ. ಅದಕ್ಕೆ ಅಹಸನಾಬಾದ್ ಎಂಬ ಹೆಸರಿತ್ತು. ರಾಜ್ಯದ ನಾಲ್ಕು ಪ್ರಾಂತಗಳನ್ನು ಗವಾನ ಎಂಟಾಗಿ ವಿಂಗಡಿಸಿದ. ಪ್ರಾಂತಾಧಿಕಾರಿಗಳ ಬಲ ಕುಗ್ಗಿಸುವುದೇ ಇದರ ಉದ್ದೇಶ. ಆಗ ಕಲಬುರಗಿ ಪ್ರಾಂತದಿಂದ ವಿಜಾಪುರ ಬೇರೆಯಾಯಿತು. ಇದರಿಂದ ಸಿಟ್ಟಾದ ವಿರೋಧಿಗಳು ಅವನ ಮುದ್ರೆ ಬಳಸಿ ಸುಳ್ಳು ಪತ್ರ ಸೃಷ್ಟಿಸಿದರು. ಸುಲ್ತಾನನು ವಿಚಾರಿಸದೆ 1481ರಲ್ಲಿ ಅವನನ್ನು ಕೊಲ್ಲಿಸಿದ. ಬೀದರಿನಲ್ಲಿ 1472ರಲ್ಲಿ ಗವಾನ ಕಟ್ಟಿಸಿದ ಮದರಸಾ ಮಾತ್ರ ಇಂದಿಗೂ ನಿಂತಿದೆ.

ಇಂಥ ಘಟನೆಗಳನ್ನು ಷೇರ್ವಾನಿಯವರು ಕಥೆಯಂತೆ ಹೇಳಲಿಲ್ಲ. ಫರಿಶ್ತಾನಂತಹ ಪರ್ಷಿಯನ್ ಇತಿಹಾಸಕಾರರನ್ನು, ಗವಾನನ ಪತ್ರಸಂಗ್ರಹವನ್ನು, ನಾಣ್ಯ-ಶಾಸನಗಳನ್ನು ಹೋಲಿಸಿ ನೋಡಿದರು. ಆಸ್ಥಾನದ ಬರಹಗಾರ ಒಡೆಯನನ್ನು ಹೊಗಳುವುದು ಸಹಜ. ಆದ್ದರಿಂದ ಒಬ್ಬರ ಮಾತನ್ನೇ ನಂಬಬಾರದು ಎಂಬ ಪಾಠ ಇದರಲ್ಲಿದೆ.

1969ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ನೀಡಿತು. ಎಂಬತ್ತು ದಾಟಿದ ಮೇಲೂ, 1974ರಲ್ಲಿ ಕುತುಬ್‌ಶಾಹಿ ಮನೆತನದ ಇತಿಹಾಸವನ್ನು ಪ್ರಕಟಿಸಿದರು. ಪಿ.ಎಂ. ಜೋಶಿಯವರೊಂದಿಗೆ ಮಧ್ಯಕಾಲೀನ ದಖ್ಖನಿನ ಇತಿಹಾಸವನ್ನು ಎರಡು ಸಂಪುಟಗಳಲ್ಲಿ ಸಂಪಾದಿಸಿದರು. 1980ರಲ್ಲಿ ನಿಧನರಾದರು.

ವಿದ್ಯಾರ್ಥಿ ಮಿತ್ರರೇ, ಕಲಬುರಗಿಯಿಂದ ಜೇವರ್ಗಿ ಕಡೆಗೆ ಹೋಗುವಾಗ ಭೀಮಾ ದಂಡೆಯಲ್ಲಿ ಫಿರೋಜಾಬಾದ್ ಸಿಗುತ್ತದೆ. ಫಿರೋಜ್ ಷಾ ಬಹಮನಿ (1397–1422) ಕಟ್ಟಿಸಿದ ಆ ನಗರದ ಗೋಡೆ, ಮಸೀದಿ, ಅರಮನೆಗಳು ಪಾಳು ಬಿದ್ದಿವೆ. ನಮ್ಮೂರ ಕಲ್ಲುಗಳ ಮೇಲಿನ ಬರಹ ಕೆಲವೆಡೆ ಕನ್ನಡ, ಕೆಲವೆಡೆ ಪರ್ಷಿಯನ್. ಕನ್ನಡ, ಉರ್ದು ಎರಡೂ ಬಲ್ಲ ನಮ್ಮ ಮಕ್ಕಳಿಗೆ ಎರಡರ ಬಾಗಿಲೂ ಅರ್ಧ ತೆರೆದೇ ಇದೆ. ಸ್ವಲ್ಪ ಪರ್ಷಿಯನ್, ಸ್ವಲ್ಪ ಹಳಗನ್ನಡ ಕಲಿತರೆ ಸಾಕು, ಮುಂದಿನ ದಾರಿ ತೆರೆದುಕೊಳ್ಳುತ್ತದೆ. ಡಾಕ್ಟರ್, ಎಂಜಿನಿಯರ್ ಆಗುವವರ ನಡುವೆ ಒಬ್ಬರಾದರೂ ಇತಿಹಾಸದ ಪ್ರಾಧ್ಯಾಪಕರಾಗಲಿ. ನಮ್ಮ ಊರಿನ ಚರಿತ್ರೆಯನ್ನು ಸಾಕ್ಷ್ಯ ನೋಡಿ, ನ್ಯಾಯವಾಗಿ ಬರೆಯಲು ನಮ್ಮವರೇ ಮುಂದೆ ಬರಬೇಕು.