ನಯಾಗರಾ ಜಲಪಾತದ ದಂಡೆಯ ವ್ಯಾಪಾರಿಗಳು

ಪ್ರಕೃತಿಯ ಒಂದು ಅದ್ಭುತವನ್ನು ಕಣ್ಣಿಂದ ನೋಡುವುದಕ್ಕೆ ಹಣ ತೆರಬೇಕೆ ಎಂಬ ಪ್ರಶ್ನೆ ಮೇಲುನೋಟಕ್ಕೆ ಕ್ಷುಲ್ಲಕವೆಂದು ತೋರಬಹುದು. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ನಯಾಗರಾ ನದಿಯ ದಂಡೆಗಳಲ್ಲಿ ಈ ಪ್ರಶ್ನೆಯೇ ಸೈನಿಕರನ್ನು ಕರೆಸಿತು, ಒಂದು ಶಾಸನಸಭೆಯನ್ನು ಕದಡಿತು, ಕಟ್ಟಕಡೆಗೆ ಎರಡು ಸರಕಾರಗಳು ದಂಡೆಯ ಭೂಮಿಯನ್ನು ಬೆಲೆಕೊಟ್ಟು ಕೊಳ್ಳುವಂತೆ ಮಾಡಿತು. ಈ ವೃತ್ತಾಂತವನ್ನು ಬರೆದವರು ಸಾಮಾನ್ಯವಾಗಿ ಇದನ್ನು ಲೋಭಿಗಳಾದ ಅಂಗಡಿಕಾರರ ಕೈಯಿಂದ ಜಲಪಾತವನ್ನು ಬಿಡಿಸಿದ ಕಥೆಯೆಂದು ನಿರೂಪಿಸುತ್ತಾರೆ. ಈ ನಿರೂಪಣೆ ಅರ್ಧ ಮಾತ್ರ ನಿಜವೆಂದು ನಮ್ಮ ಅಭಿಪ್ರಾಯ. ದಂಡೆಯ ವ್ಯಾಪಾರಿಗಳೆಲ್ಲರೂ ಒಂದೇ ಬಗೆಯವರಾಗಿರಲಿಲ್ಲ. ನೋಟಕ್ಕೆ ಬೇಲಿ ಹಾಕಿ ಬಾಗಿಲಲ್ಲಿ ಕಾಸು ಎಣಿಸಿಕೊಂಡವರು ಬೇರೆ. ಹುಲ್ಲಿನ ಮೇಲೆ ಸರಕು ಹರಡಿಕೊಂಡು ಕುಳಿತು, ಕೊಳ್ಳದವನನ್ನೂ ತಡೆಯದೆ ಹೋಗಗೊಟ್ಟವರು ಬೇರೆ.

ಎತ್ತರದಲ್ಲಿ ನಯಾಗರಾ ನಮ್ಮ ಜೋಗಕ್ಕೆ ಸಾಟಿಯಲ್ಲ. ಜೋಗದ 253 ಮೀಟರುಗಳ ಮುಂದೆ ಅಲ್ಲಿನ ಹಾರ್ಸ್‌ಷೂ ಧಾರೆಯ ಎತ್ತರ ಸುಮಾರು 57 ಮೀಟರು ಮಾತ್ರ. ಜನರನ್ನು ಸೆಳೆದದ್ದು ಅದರ ಅಗಲ ಮತ್ತು ಎಂದೂ ಬತ್ತದ ನೀರಿನ ರಾಶಿ. 1678ರಲ್ಲಿ ಪಾದ್ರಿ ಹೆನ್ನೆಪಿನ್ ಇದನ್ನು ಕಂಡು ಯೂರೋಪಿಗೆ ವರ್ಣಿಸಿದನಾದರೂ, 1825ರಲ್ಲಿ ಈರೀ ಕಾಲುವೆ ತೆರೆದು, ಅನಂತರ ರೈಲುಮಾರ್ಗಗಳು ಬರುವವರೆಗೆ ಅಲ್ಲಿಗೆ ಹೋಗುವುದು ಕೆಲವರಿಗೆ ಮಾತ್ರ ಸಾಧ್ಯವಾಗಿದ್ದಿತು. ಪ್ರವಾಸಿಗಳ ಹೊನಲು ಹರಿಯತೊಡಗಿದ ಕೂಡಲೇ ದಂಡೆಯ ಒಂದೊಂದು ಗಜ ಭೂಮಿಗೂ ಬೆಲೆ ಬಂದಿತು.

ಮೊದಲ ದೊಡ್ಡ ವ್ಯಾಜ್ಯ ನಡೆದುದು ಕೆನಡಾದ ದಂಡೆಯಲ್ಲಿ. ಅಲ್ಲಿ ನದಿಯಂಚಿನ 66 ಅಡಿ ಅಗಲದ ಪಟ್ಟಿಯನ್ನು ಸರಕಾರ ಸೈನಿಕ ಉಪಯೋಗಕ್ಕೆಂದು ಮೀಸಲಿಟ್ಟಿದ್ದಿತು. ಅದರ ಹಿಂದಿನ ಭೂಮಿಯಲ್ಲಿ ವಿಲಿಯಂ ಫೋರ್ಸೈತ್ ಎಂಬಾತ ಪೆವಿಲಿಯನ್ ಹೋಟೆಲನ್ನು ಕಟ್ಟಿದ್ದನು. ಜಲಪಾತದ ಬುಡಕ್ಕೆ ಇಳಿಯಲು ಮುಚ್ಚಿಗೆಯ ಮೆಟ್ಟಿಲುಗಳನ್ನು ನಿರ್ಮಿಸಿದವನೂ ಆತನೇ. ಹಾರ್ಸ್‌ಷೂವಿನ ಅತ್ಯುತ್ತಮ ನೋಟ ತನ್ನ ಅತಿಥಿಗಳಿಗೆ ಮಾತ್ರ ದೊರೆಯಬೇಕೆಂದು 1827ರಲ್ಲಿ ಆತ ಆ ಮೀಸಲು ಪಟ್ಟಿಯನ್ನೂ ಸೇರಿಸಿಕೊಂಡು ಎತ್ತರವಾದ ಹಲಗೆಯ ಬೇಲಿಯನ್ನು ಹಾಕಿಸಿದನು. ನೆರೆಯವರು ದೂರಿತ್ತರು. ಲೆಫ್ಟಿನೆಂಟ್ ಗವರ್ನರ್ ಸರ್ ಪೆರೆಗ್ರಿನ್ ಮೈಟ್ಲೆಂಡನ ಆಜ್ಞೆಯಂತೆ ಇಂಜಿನಿಯರ್ ದಳದ ಕ್ಯಾಪ್ಟನ್ ಫಿಲ್ಪಾಟ್ಸ್ ಸೈನಿಕರೊಡನೆ ಬಂದು ಬೇಲಿಯನ್ನು ಕೆಡವಿಸಿದನು. ಫೋರ್ಸೈತ್ ಮತ್ತೆ ಕಟ್ಟಿದನು, ಸೈನಿಕರು ಮತ್ತೆ ಕೆಡವಿದರು. ನ್ಯಾಯಾಲಯಗಳಲ್ಲಿ ಆತ ಸೋತರೂ 1828ರಲ್ಲಿ ಮೇಲಣ ಕೆನಡಾದ ಶಾಸನಸಭೆಗೆ ಮೊರೆಯಿಟ್ಟನು. ವಿಚಾರಣಾ ಸಮಿತಿಯ ಮುಂದೆ ಸಾಕ್ಷ್ಯ ನುಡಿಯಲು ಇಬ್ಬರು ಅಧಿಕಾರಿಗಳಿಗೆ ಗವರ್ನರನು ಅನುಮತಿ ಕೊಡಲಿಲ್ಲ. ಅವರು ಹಾಜರಾಗದಿರಲು ಸಭೆ ಅವರನ್ನು ಸೆರೆಮನೆಗೆ ಕಳುಹಿಸಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಸಭೆಯ ಸದಸ್ಯರು ಫೋರ್ಸೈತನ ಪರವಾಗಿ ನಿಂತದ್ದು ಬೇಲಿಯ ಮೇಲಣ ಪ್ರೀತಿಯಿಂದಲ್ಲ. ನ್ಯಾಯಾಲಯ ತೀರ್ಮಾನಿಸಬೇಕಾದ ಸ್ವತ್ತಿನ ವಿವಾದದಲ್ಲಿ ಸೈನಿಕರನ್ನು ನುಗ್ಗಿಸಿದ ಅಧಿಕಾರದ ದರ್ಪವನ್ನು ಅವರು ಪ್ರತಿಭಟಿಸಿದರು. ಹೀಗಾಗಿ ಸಾರ್ವಜನಿಕರಿಗೆ ದಾರಿ ಬಿಡಿಸಿದ ಗವರ್ನರನು ಚರಿತ್ರೆಯಲ್ಲಿ ನಿರಂಕುಶನೆನಿಸಿದನು. ದಾರಿ ಮುಚ್ಚಿದ ಹೋಟೆಲಿನವನು ಪ್ರಜೆಗಳ ಹಕ್ಕಿನ ಸಂಕೇತವಾದನು!

ಅಮೆರಿಕಾದ ದಂಡೆಯಲ್ಲಿ ಇಂಥ ಗದ್ದಲವಿರಲಿಲ್ಲ, ಏಕೆಂದರೆ ಅಲ್ಲಿ ಒಡೆತನವೇ ಖಚಿತವಾಗಿದ್ದಿತು. ಪೋರ್ಟರ್ ಸೋದರರು 1816ರಲ್ಲಿ ಎರಡು ಧಾರೆಗಳ ನಡುವಣ ಗೋಟ್ ದ್ವೀಪವನ್ನು ಕೊಂಡು, ಮರುವರ್ಷ ಅದಕ್ಕೆ ಸೇತುವೆ ಕಟ್ಟಿದರು. ಅದನ್ನು ಮಂಜುಗಡ್ಡೆ ಕೊಚ್ಚಿಕೊಂಡು ಹೋಗಲು, 1818ರಲ್ಲಿ ಬೇರೊಂದನ್ನು ಕಟ್ಟಿ ದಾಟುವವರಿಂದ ಸುಂಕ ವಸೂಲುಮಾಡಿದರು. ಆದರೆ ಈ ಕುಟುಂಬ ದ್ವೀಪದ ಕಾಡನ್ನು ಕಡಿಯಲಿಲ್ಲ, ಅಲ್ಲಿ ಹೋಟೆಲುಗಳು ಏಳಗೊಡಲಿಲ್ಲ. ಇಂದು ಉಳಿದಿರುವ ಹಸುರು ಬಹುಮಟ್ಟಿಗೆ ಈ ಸುಂಕದವರ ಕಾವಲಿನ ಫಲ. ದಂಡೆಯ ಉಳಿದ ಭಾಗಕ್ಕೆ ಆ ಭಾಗ್ಯವಿರಲಿಲ್ಲ. ಪ್ರಾಸ್ಪೆಕ್ಟ್ ಪಾಯಿಂಟಿನಲ್ಲಿ 1853ರಿಂದ ಛಾಯಾಚಿತ್ರ ತೆಗೆಯುವ ಏಕಸ್ವಾಮ್ಯ ಪಡೆದಿದ್ದ ಪ್ಲ್ಯಾಟ್ ಬ್ಯಾಬಿಟ್, ಬೇರೆ ಯಾವನಾದರೂ ಕ್ಯಾಮೆರಾ ಹೂಡಿದರೆ ತನ್ನ ಆಳುಗಳಿಂದ ಅದರ ಮುಂದೆ ಕೊಡೆಗಳನ್ನು ಬೀಸಿಸುತ್ತಿದ್ದನಂತೆ. ಜಲಪಾತದ ನೆರಳನ್ನು ಹಿಡಿಯುವ ಹಕ್ಕೂ ಗುತ್ತಿಗೆಯಾಗಿದ್ದ ಕಾಲ ಅದು. 1880ರ ವೇಳೆಗೆ ಆ ದಂಡೆಯಲ್ಲಿ ಕಾಸು ಕೊಡದೆ ನಿಂತು ನೋಡಬಹುದಾದ ಜಾಗವೇ ಉಳಿದಿರಲಿಲ್ಲ.

ಆದರೆ ಅಪಕೀರ್ತಿಯಲ್ಲಿ ಕೆನಡಾದ ದಂಡೆಯ ‘ಫ್ರಂಟ್’ ಎಂಬ ಕಿರುಪಟ್ಟಿಯೇ ಮೇಲುಗೈ. ಅಲ್ಲಿ 1827ರಿಂದ ವಸ್ತುಸಂಗ್ರಹಾಲಯ ನಡೆಸುತ್ತಿದ್ದ ಥಾಮಸ್ ಬಾರ್ನೆಟ್‌ನಿಗೂ, 1853ರಲ್ಲಿ ಟೇಬಲ್ ರಾಕ್ ಹೌಸನ್ನು ತೆರೆದ ಸಾಲ್ ಡೇವಿಸ್‌ನಿಗೂ ಹಗೆತನ ಬೆಳೆದು, 1870ರ ಹೊಡೆದಾಟದಲ್ಲಿ ಒಬ್ಬನ ಪ್ರಾಣವೇ ಹೋಯಿತು. ಧಾರೆಯ ಹಿಂಬದಿಗೆ ಇಳಿಯುವುದು ಉಚಿತವೆಂದು ನಂಬಿಸಿ ಪ್ರವಾಸಿಗೆ ಮೇಣಗಪ್ಪಡದ ಉಡುಪು ತೊಡಿಸುವುದು, ಮೇಲೆ ಬಂದಾಗ ಉಡುಪಿಗೂ ಮಾರ್ಗದರ್ಶಿಗೂ ಹಣ ಕೇಳಿ, ಕೊಡುವ ತನಕ ಬಾಗಿಲಲ್ಲಿ ನಿಲ್ಲಿಸುವುದು ಅಲ್ಲಿನ ರೂಢಿ. ಬಾಡಿಗೆ ಗಾಡಿಯವರು ದಳ್ಳಾಳಿಗಾಗಿ ಗಿರಾಕಿಗಳನ್ನು ಇಂಥ ಅಂಗಡಿಗಳಿಗೇ ತಂದು ಇಳಿಸುತ್ತಿದ್ದರು. ಜಿಪ್ಸಮ್ಮಿನ ಬಿಳಿಯ ಚೂರುಗಳನ್ನು ಜಲಪಾತದ ತುಂತುರು ಕಲ್ಲಾಗಿ ಹೆಪ್ಪುಗಟ್ಟಿದ್ದೆಂದು ಮಾರಿದವರೂ ಉಂಟು.

ಇವರೆಲ್ಲರ ನಡುವೆ ಟಸ್ಕರೋರಾ ಬುಡಕಟ್ಟಿನ ಹೆಂಗಸರೂ ಇದ್ದರು. ಇವರು ಉತ್ತರ ಕೆರೋಲಿನಾದಿಂದ ವಲಸೆ ಬಂದು ಹದಿನೆಂಟನೆಯ ಶತಮಾನದಲ್ಲಿ ಇರೊಕ್ವಾ ಒಕ್ಕೂಟದ ಆರನೆಯ ಜನಾಂಗವಾಗಿ ಸೇರಿದವರು. 1813ರ ಡಿಸೆಂಬರಿನಲ್ಲಿ ಬ್ರಿಟಿಷ್ ಪಡೆ ಲೂಯಿಸ್ಟನ್ ಊರಿನ ಮೇಲೆ ಬಿದ್ದಾಗ ಟಸ್ಕರೋರಾ ಯೋಧರು ಅಡ್ಡನಿಂತು ಅಲ್ಲಿನ ಜನ ಪಾರಾಗಲು ನೆರವಾದರು. ಆ ಯುದ್ಧದ ಉಪಕಾರಸ್ಮರಣೆಗಾಗಿ ಪೋರ್ಟರ್ ಕುಟುಂಬ ತನ್ನ ನೆಲದಲ್ಲಿ ಕೈಕೆಲಸದ ವಸ್ತುಗಳನ್ನು ಮಾರುವ ಹಕ್ಕನ್ನು ಅವರಿಗೆ ಕೊಟ್ಟಿತೆಂದು ಪರಂಪರೆ ಹೇಳುತ್ತದೆ. ಯೂರೋಪಿನಿಂದ ಬಂದ ಗಾಜಿನ ಮಣಿಗಳನ್ನು ಮಖಮಲ್ಲಿನ ಮೇಲೆ ಹೂಬಳ್ಳಿಗಳಾಗಿ ಉಬ್ಬುವಂತೆ ಹೊಲಿದು ಇವರು ಚೀಲ, ಸೂಜಿ ಚುಚ್ಚಿಡುವ ಪುಟ್ಟ ದಿಂಬು, ಪಾದರಕ್ಷೆಗಳನ್ನು ಮಾಡುತ್ತಿದ್ದರು. ಬೇಟೆಯ ನೆಲ ಕೈತಪ್ಪಿದ ಮನೆಗಳಿಗೆ ಈ ಹೊಲಿಗೆ ಕಾಸು ತರುತ್ತಿದ್ದಿತು. ಪ್ರವಾಸಿಗಳ ಬರವಣಿಗೆಯಲ್ಲಿ ಇವರು ದೃಶ್ಯದ ಒಂದು ಅಲಂಕಾರವಾಗಿ ಬರುತ್ತಾರೆಯೇ ವಿನಾ ವ್ಯಾಪಾರಿಗಳಾಗಿ ಬರುವುದು ಅಪರೂಪ.

1878ರಲ್ಲಿ ಕೆನಡಾದ ಗವರ್ನರ್ ಜನರಲ್ ಲಾರ್ಡ್ ಡಫರಿನ್ ಎರಡು ದೇಶಗಳೂ ಕೂಡಿ ದಂಡೆಗಳನ್ನು ಉದ್ಯಾನವಾಗಿ ಕಾಪಾಡಬೇಕೆಂದು ಬಹಿರಂಗವಾಗಿ ಸೂಚಿಸಿದನು. (ಮುಂದೆ ಭಾರತದ ವೈಸರಾಯನಾಗಿ ಬಂದ ಡಫರಿನ್ ಇವನೇ.) ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಶಿಲ್ಪಿಗಳಲ್ಲೊಬ್ಬನಾದ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಮತ್ತು ಜೇಮ್ಸ್ ಗಾರ್ಡಿನರ್ ಸಿದ್ಧಪಡಿಸಿದ ವರದಿ 1880ರಲ್ಲಿ ಹೊರಬಂದಿತು. 1885ರ ಏಪ್ರಿಲ್ 30ರಂದು ಗವರ್ನರ್ ಡೇವಿಡ್ ಹಿಲ್ ಸಹಿಹಾಕಿದ ಶಾಸನದಿಂದ ನ್ಯೂಯಾರ್ಕ್ ಸಂಸ್ಥಾನ ಸುಮಾರು 14 ಲಕ್ಷ 33 ಸಾವಿರ ಡಾಲರುಗಳಿಗೆ ದಂಡೆಯನ್ನು ಕೊಂಡಿತು. ಒಡೆಯರು ಕೇಳಿದ್ದು ಇದಕ್ಕಿಂತ ಬಹಳ ಹೆಚ್ಚು. ಜುಲೈ 15ರಂದು ಬೇಲಿಗಳು ತೆರೆದುವು. ಅನಂತರ 150ಕ್ಕೂ ಹೆಚ್ಚು ಕಟ್ಟಡಗಳನ್ನು ತೆಗೆದುಹಾಕಲಾಯಿತು.

ಈ ಖರ್ಚನ್ನು ನ್ಯೂಯಾರ್ಕಿನಲ್ಲಿ ಬೊಕ್ಕಸ ಹೊತ್ತಿತು. ಒಂಟೇರಿಯೋ ಪ್ರಾಂತ ಹಾಗೆ ಮಾಡಲಿಲ್ಲ. 1887ರ ಶಾಸನದಂತೆ ಸರ್ ಕಾಸಿಮಿರ್ ಝೋಸ್ಕಿಯ ಅಧ್ಯಕ್ಷತೆಯ ಮಂಡಲಿ 5 ಲಕ್ಷ 25 ಸಾವಿರ ಡಾಲರುಗಳ ಸಾಲಪತ್ರಗಳಿಂದ ಹಣವೆತ್ತಿ, 1888ರ ಮೇ 24ರಂದು ವಿಕ್ಟೋರಿಯಾ ರಾಣಿಯ ಹೆಸರಿನ ಉದ್ಯಾನವನ್ನು ತೆರೆಯಿತು. ಆ ಸಾಲವನ್ನೂ ನಿರ್ವಹಣೆಯ ವೆಚ್ಚವನ್ನೂ ಉದ್ಯಾನವೇ ದುಡಿದು ತೀರಿಸಬೇಕಾಗಿದ್ದಿತು. ಪರಿಣಾಮವಾಗಿ ಧಾರೆಯ ಹಿಂಬದಿಗೆ ಇಳಿಸುವ ಹಕ್ಕು, ಛಾಯಾಚಿತ್ರದ ಹಕ್ಕು, ಉಪಾಹಾರದ ಹಕ್ಕುಗಳು ಮತ್ತೆ ಗುತ್ತಿಗೆಗೆ ಹೋದುವು. ಗುತ್ತಿಗೆ ಕೊಡುವಾತ ಮಾತ್ರ ಬದಲಾದನು. ಅಷ್ಟಕ್ಕೂ ಸಾಲದೆ 1892ರಲ್ಲಿ ವಿದ್ಯುತ್ತು ತೆಗೆಯುವ ಹಕ್ಕನ್ನು ವರ್ಷಕ್ಕೆ 25 ಸಾವಿರ ಡಾಲರುಗಳ ಗೇಣಿಗೆ ಕಂಪನಿಯೊಂದಕ್ಕೆ ಕೊಡಲಾಯಿತು. ಪುಡಿವ್ಯಾಪಾರಿಗಳಿಂದ ರಕ್ಷಿಸಿದ ನೀರನ್ನೇ ದೊಡ್ಡ ವ್ಯಾಪಾರಿಗೆ ಒಪ್ಪಿಸಿದಂತಾಯಿತೆಂದರೆ ಅತ್ಯುಕ್ತಿಯಾಗಲಾರದು. ಮಂಡಲಿಯ ಮೇಲೆ ತಪ್ಪು ಹೊರಿಸುವುದು ಸುಲಭ. ಕಾಸಿಲ್ಲದ ಕಾವಲುಗಾರನಿಗೆ ಬೇರೆ ಉಪಾಯವಿತ್ತೆ ಎಂಬುದನ್ನೂ ವಿಚಾರಿಸಬೇಕು.

ಈ ಏರ್ಪಾಡು ಇಂದಿಗೂ ನಿಂತಿದೆ. ಆ ಮಂಡಲಿಯ ಉತ್ತರಾಧಿಕಾರಿಯಾದ ನಯಾಗರಾ ಪಾರ್ಕ್ಸ್ ಸಂಸ್ಥೆ ತನ್ನ ಸಂಪಾದನೆಯಿಂದಲೇ ನಡೆಯುತ್ತದೆ. ಜಲಪಾತದ ಬುಡಕ್ಕೆ ದೋಣಿ ನಡೆಸುವ ಗುತ್ತಿಗೆಯನ್ನು ಟೆಂಡರು ಕರೆಯದೆ ನವೀಕರಿಸಲು ಹೊರಟಾಗ 2009ರಲ್ಲಿ ದೊಡ್ಡ ವಿವಾದವೆದ್ದಿತು. 2012ರಲ್ಲಿ ಬಹಿರಂಗ ಸ್ಪರ್ಧೆಯ ಮೂಲಕ 30 ವರ್ಷಗಳ ಗುತ್ತಿಗೆ ಬೇರೊಂದು ಕಂಪನಿಗೆ ಹೋಗಿ, 2014ರಿಂದ ಅದರ ದೋಣಿಗಳು ಓಡುತ್ತಿವೆ.

ಟಸ್ಕರೋರಾ ಹೆಂಗಸರ ಮಣಿಕೆಲಸದ ಮಾರಾಟ ಅಮೆರಿಕಾದ ದಂಡೆಯಲ್ಲಿ ಇಪ್ಪತ್ತನೆಯ ಶತಮಾನದಲ್ಲಿಯೂ ಮುಂದುವರಿಯಿತು. ಆದರೆ ಅದೇ ನದಿಯ ವಿದ್ಯುತ್ ಯೋಜನೆಯೊಂದರ ಜಲಾಶಯಕ್ಕೆ ಅವರ ಮೀಸಲು ಭೂಮಿ ಬೇಕಾಯಿತು. ಅವರು ನ್ಯಾಯಾಲಯಗಳ ಮೆಟ್ಟಿಲು ಹತ್ತಿದರು. 1960ರಲ್ಲಿ ಸಂಯುಕ್ತ ಸಂಸ್ಥಾನಗಳ ಸರ್ವೋಚ್ಚ ನ್ಯಾಯಾಲಯ ಅವರಿಗೆ ವಿರುದ್ಧವಾಗಿ ತೀರ್ಪಿತ್ತಿತು, ಮತ್ತು ಸುಮಾರು 550 ಎಕರೆ ನೆಲ ನೀರಿನಡಿಗೆ ಹೋಯಿತು.